ನೌಕರಿಯ ಹೆಸರಿನಲ್ಲಿ ಬರುವ ನಕಲಿ ಚೆಕ್: ಗುರುತಿಸುವ ಬಗೆ, ತಪ್ಪಿಸಿಕೊಳ್ಳುವ ದಾರಿ

ನೌಕರಿ ಕೊಡಿಸುತ್ತೇವೆ, ಮೊದಲು ಇಷ್ಟು ಹಣ ಕಟ್ಟಿ ಎಂದು ಯಾರಾದರೂ ಕೇಳಿದರೆ ಅನುಮಾನಪಡುವಷ್ಟು ತಿಳಿವಳಿಕೆ ಇಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಚ್ಚಿನ ಯುವಕ ಯುವತಿಯರಿಗೆ ಬಂದಿದೆ. ಆದರೆ ಹಣ ಕೇಳುವ ಬದಲು ಕಂಪನಿಯೇ ಮುಂಗಡವಾಗಿ ಚೆಕ್ ಕಳುಹಿಸಿದಾಗ ಆ ಅನುಮಾನ ಕರಗಿಹೋಗುತ್ತದೆ. ಕೊಡುವವರು ಕಳ್ಳರಾಗಿರಲು ಹೇಗೆ ಸಾಧ್ಯ ಎಂದು ಮನೆಯ ಹಿರಿಯರೂ ಕೇಳುತ್ತಾರೆ. ನಕಲಿ ಚೆಕ್ಕಿನ ನೌಕರಿ ವಂಚನೆ ನಿಂತಿರುವುದೇ ಈ ನಂಬಿಕೆಯ ಮೇಲೆ. ಕೆಲಸ ಹುಡುಕುತ್ತಿರುವವರು ಮತ್ತು ಅವರ ಮನೆಯವರು ಇಂಥ ಚೆಕ್ ಕೈಗೆ ಬರುವ ಮುನ್ನ, ಬಂದ ಮೇಲೆ, ಹಾಗೂ ಮೋಸವಾಗಿಯೇಬಿಟ್ಟ ನಂತರ ಏನು ಮಾಡಬೇಕೆಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಈ ಮೋಸ ನಡೆಯುವ ಬಗೆ

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಜಮಖಂಡಿಯ ಒಬ್ಬ ಪದವೀಧರೆಗೆ ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸದ ಸಂದೇಶ ವಾಟ್ಸಾಪ್‌ನಲ್ಲಿ ಬರುತ್ತದೆ. ಹತ್ತು ನಿಮಿಷದ ಚಾಟ್ ಮುಗಿಯುವುದರೊಳಗೆ ಆಯ್ಕೆಯಾಗಿರುವುದಾಗಿ ತಿಳಿಸುತ್ತಾರೆ, ಮರುದಿನ ಲಾಂಛನವಿರುವ ನೇಮಕಾತಿ ಪತ್ರ ಕಳುಹಿಸುತ್ತಾರೆ, ವಾರದೊಳಗೆ ಕೊರಿಯರ್‌ನಲ್ಲಿ ₹80,000ದ ಚೆಕ್ ಬರುತ್ತದೆ. ಅದರಲ್ಲಿ ₹18,000 ಮೊದಲ ತಿಂಗಳ ಪಗಾರವೆಂದೂ, ಉಳಿದ ₹62,000ವನ್ನು ಕಂಪನಿಯ ಲ್ಯಾಪ್‌ಟಾಪ್ ಮತ್ತು ಸಾಫ್ಟ್‌ವೇರ್ ಪೂರೈಸುವ ವ್ಯಾಪಾರಿಗೆ ಆ ದಿನವೇ ಯುಪಿಐ ಮೂಲಕ ಕಳುಹಿಸಬೇಕೆಂದೂ ಹೇಳುತ್ತಾರೆ. ಆಕೆ ಚೆಕ್ಕನ್ನು ಖಾತೆಗೆ ಹಾಕಿ, ಜಮೆ ಚೀಟಿಯ ಫೋಟೋ ಕಳುಹಿಸಿದ ಕೂಡಲೇ ಒತ್ತಡ ಆರಂಭವಾಗುತ್ತದೆ. ವ್ಯಾಪಾರಿ ಕಾಯುತ್ತಿದ್ದಾನೆ, ಲ್ಯಾಪ್‌ಟಾಪ್ ಬೇರೆಯವರ ಪಾಲಾಗುತ್ತದೆ, ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಹಣ ಕಳುಹಿಸಿ, ಚೆಕ್ಕಿನ ಹಣ ಹೇಗೂ ನಿಮ್ಮ ಖಾತೆಗೇ ಬರುತ್ತದೆ ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತವೆ. ತಂದೆಯ ಖಾತೆಯಿಂದಲೋ ಚಿಕ್ಕಪ್ಪನಿಂದ ಕೈಗಡ ಪಡೆದೋ ಆಕೆ ₹62,000 ಕಳುಹಿಸುತ್ತಾಳೆ. ಮರುದಿನ ಚೆಕ್ ವಾಪಸ್ ಬರುತ್ತದೆ. ಕಂಪನಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಹೋದದ್ದು ಮನೆಯವರ ಸ್ವಂತ ಹಣ, ಅದರ ಮೇಲೆ ಬ್ಯಾಂಕ್ ವಿಧಿಸುವ ಚೆಕ್ ವಾಪಸಾತಿ ಶುಲ್ಕ ಬೇರೆ.

ಈ ವಂಚನೆ ಅಮೆರಿಕದಲ್ಲಿ ಬಹಳ ಬೇರುಬಿಟ್ಟಿರುವುದಕ್ಕೆ ಅಲ್ಲಿನ ಬ್ಯಾಂಕ್ ವ್ಯವಸ್ಥೆಯೇ ಒಂದು ಕಾರಣವಾಗಿದೆ. ಅಲ್ಲಿ 1987ರ ಕಾಯ್ದೆಯೊಂದರ ಪ್ರಕಾರ, ಗ್ರಾಹಕರು ಜಮೆ ಮಾಡಿದ ಚೆಕ್ಕಿನ ಹಣವನ್ನು ಬ್ಯಾಂಕುಗಳು ನಿಗದಿತ ಅವಧಿಯೊಳಗೆ ಬಳಕೆಗೆ ಬಿಡಲೇಬೇಕು. ಕೆಲವು ಬಗೆಯ ಚೆಕ್‌ಗಳಿಗೆ ಆ ಅವಧಿ ಒಂದೇ ದಿನ. ಚೆಕ್ ನಕಲಿ ಎಂದು ಪತ್ತೆಯಾಗಲು ಮಾತ್ರ ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಈ ನಡುವೆ ಖಾತೆಯಿಂದ ಹೊರಗೆ ಕಳುಹಿಸಿದ ಹಣಕ್ಕೆಲ್ಲ ಖಾತೆದಾರರೇ ಹೊಣೆಯಾಗುತ್ತಾರೆ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಚೆಕ್ ಪಾಸಾದ ಮೇಲೆಯೇ ಹಣ ತೆಗೆಯಲು ಬರುತ್ತದೆ. ಹೀಗಿರುವುದರಿಂದ ಇಲ್ಲಿನ ವಂಚಕರು ಬ್ಯಾಂಕಿನ ಹಣಕ್ಕಿಂತ ನಿಮ್ಮ ಕೈಯಲ್ಲಿರುವ ಹಣದ ಮೇಲೆ ಕಣ್ಣಿಡುತ್ತಾರೆ, ಮತ್ತು ಚೆಕ್ ಹಾಕಿದ ಗಳಿಗೆಗೂ ಅದು ಪಾಸಾಗುವ ಗಳಿಗೆಗೂ ನಡುವಿನ ಅಲ್ಪ ಕಾಲವನ್ನೇ ಬಳಸಿಕೊಳ್ಳುತ್ತಾರೆ. ಕೆಲವು ಬ್ಯಾಂಕುಗಳಲ್ಲಿ ಚೆಕ್ ಪಾಸಾಗುವ ಮೊದಲೇ ಖಾತೆಯ ವಿವರದಲ್ಲಿ ಮೊತ್ತ ಕಾಣಿಸುತ್ತದೆ. ಆದರೆ ಅದು ಇನ್ನೂ ವಸೂಲಾಗದ ಮೊತ್ತ ಮಾತ್ರ, ತೆಗೆಯಲು ಬರುವ ಹಣ ಅಲ್ಲ. ಪರಿಚಯದ ಗ್ರಾಹಕರಿಗೆ ಒಂದು ಮಿತಿಯವರೆಗೆ ಕೂಡಲೇ ಹಣ ಕೊಡುವ ಬ್ಯಾಂಕುಗಳೂ ಇವೆ, ಚೆಕ್ ವಾಪಸಾದರೆ ಅದೇ ಹಣವನ್ನು ಖಾತೆಯಿಂದ ಕಡಿತ ಮಾಡುತ್ತವೆ. "ಪಾಸ್‌ಬುಕ್‌ನ್ಯಾಗ ರೊಕ್ಕ ಬಂದೈತಲ್ಲ, ಮತ್ಯಾಕ ಹೆದರ್ತಿ?" ಎಂದು ಮನೆಯಲ್ಲಿ ಯಾರಾದರೂ ಧೈರ್ಯ ಹೇಳಿದರೆ, ಪಾಸ್‌ಬುಕ್ಕಿನ ಆ ಸಾಲಿಗೆ ಇನ್ನೂ ಅರ್ಥ ಬಂದಿಲ್ಲವೆಂದು ಅವರಿಗೆ ತಾಳ್ಮೆಯಿಂದ ತಿಳಿಸಬೇಕು.

ಮೊದಲ ಹೆಜ್ಜೆ: ಚೆಕ್ ಬರುವ ಮುನ್ನವೇ ಕೆಲಸದ ಪ್ರಸ್ತಾವವನ್ನು ಪರೀಕ್ಷಿಸುವುದು

ಕಾಗುಣಿತದ ತಪ್ಪುಗಳಿದ್ದರೆ ನಕಲಿ ಪತ್ರ ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಈಗ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಂಚಕರ ಪತ್ರಗಳು ಅಚ್ಚುಕಟ್ಟಾದ ಭಾಷೆಯಲ್ಲಿ, ಅಸಲಿ ಕಂಪನಿಗಳ ಲಾಂಛನದೊಂದಿಗೇ ಬರುತ್ತವೆ. ಪತ್ರದ ಅಂದಚೆಂದಕ್ಕಿಂತ ನೇಮಕಾತಿ ನಡೆದ ರೀತಿಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. ನೀವು ಅರ್ಜಿಯನ್ನೇ ಹಾಕದ ಕಂಪನಿಯಿಂದ ಆಯ್ಕೆಯ ಸುದ್ದಿ ಬಂದಿದೆಯೇ? ಸಂದರ್ಶನ ಮುಖಾಮುಖಿಯಾಗಿ ಅಥವಾ ವಿಡಿಯೋ ಕರೆಯಲ್ಲಿ ನಡೆಯದೆ ಬರಿಯ ವಾಟ್ಸಾಪ್, ಟೆಲಿಗ್ರಾಂ ಚಾಟ್‌ನಲ್ಲಿ ಮುಗಿಯಿತೇ? ಕೆಲಸದ ಬಗ್ಗೆ ಕೇಳಿದ್ದಕ್ಕಿಂತ ಖಾತೆ ಸಂಖ್ಯೆ, ಆಧಾರ್, ಪ್ಯಾನ್ ಬಗ್ಗೆ ಹೆಚ್ಚು ಕೇಳಿದರೇ? ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಅನುಭವಿ ಗುಮಾಸ್ತರಿಗೆ ಸಿಗುವ ಪಗಾರಕ್ಕಿಂತ ಹೆಚ್ಚಿನ ಮೊತ್ತವನ್ನು ದಿನಕ್ಕೆರಡು ಗಂಟೆಯ ಟೈಪಿಂಗ್‌ಗೆ ಕೊಡುತ್ತೇವೆ ಎನ್ನುತ್ತಿದ್ದಾರೆಯೇ? ಈ ಪ್ರಶ್ನೆಗಳಲ್ಲಿ ಎರಡಕ್ಕೆ ಹೌದೆಂಬ ಉತ್ತರ ಬಂದರೂ ಮುಂದಕ್ಕೆ ಹೋಗದೆ ನಿಲ್ಲುವುದು ಒಳ್ಳೆಯದು.

ಈ ವಂಚನೆಯಲ್ಲಿ ಕೆಲಸದ ಹೆಸರು ಬದಲಾಗುತ್ತಿರುತ್ತದೆ, ತಿರುಳು ಬದಲಾಗುವುದಿಲ್ಲ. ಅಂಗಡಿಗಳಿಗೆ ಗಿರಾಕಿಯಂತೆ ಹೋಗಿ ಸೇವೆಯನ್ನು ಪರೀಕ್ಷಿಸುವ ಕೆಲಸ, ಸ್ವಂತ ಕಾರಿನ ಮೇಲೆ ಜಾಹೀರಾತು ಅಂಟಿಸಿಕೊಳ್ಳುವ ಕೆಲಸ, ವಿದೇಶದಲ್ಲಿರುವ ಸಾಹೇಬರ ಖಾಸಗಿ ಸಹಾಯಕರ ಕೆಲಸ, ಕಂಪನಿಯ ಪರವಾಗಿ ಹಣ ವಸೂಲಿ ಮಾಡಿ ಕಮಿಷನ್ ಇಟ್ಟುಕೊಳ್ಳುವ ಏಜೆಂಟ್ ಕೆಲಸ, ಇವೆಲ್ಲವುಗಳಲ್ಲಿಯೂ ಕೊನೆಗೆ ಒಂದೇ ಬೇಡಿಕೆ ಬರುತ್ತದೆ: ನಾವು ಕೊಟ್ಟ ಹಣದಲ್ಲಿ ಸ್ವಲ್ಪ ನೀವಿಟ್ಟುಕೊಂಡು ಉಳಿದದ್ದನ್ನು ನಾವು ಹೇಳಿದವರಿಗೆ ಕಳುಹಿಸಿ. ಗಿಫ್ಟ್ ಕಾರ್ಡ್ ಖರೀದಿಸಿ ಅದರ ಹಿಂಭಾಗದ ಸಂಖ್ಯೆಯ ಫೋಟೋ ಕಳುಹಿಸಿ ಎನ್ನುವುದೂ ಇದರದೇ ಇನ್ನೊಂದು ರೂಪ.

ಇವುಗಳಲ್ಲಿ ಹಣ ವಸೂಲಿ ಏಜೆಂಟ್ ಕೆಲಸ ಅತ್ಯಂತ ಅಪಾಯಕಾರಿಯಾದದ್ದು. ಅಲ್ಲಿ ನಿಮ್ಮ ಖಾತೆಗೆ ಬರುವ ಹಣ ಅಸಲಿಯೇ ಆಗಿರಬಹುದು, ಆದರೆ ಅದು ಬೇರೊಬ್ಬರಿಂದ ಕದ್ದ ಹಣವಾಗಿರುತ್ತದೆ. ಹಣ ಕಳೆದುಕೊಂಡವರು ದೂರು ಕೊಟ್ಟಾಗ ಪೊಲೀಸರು ಮೊದಲು ತಲುಪುವುದು ನಿಮ್ಮ ಖಾತೆಯನ್ನು. ಖಾತೆ ಸ್ಥಗಿತವಾಗುತ್ತದೆ, ಬೇರೆ ರಾಜ್ಯದ ಠಾಣೆಯಿಂದಲೂ ನೋಟಿಸ್ ಬರಬಹುದು. ಖಾತೆಯನ್ನು ಬಾಡಿಗೆಗೆ ಕೊಡುವುದು, ಎಟಿಎಂ ಕಾರ್ಡ್ ಮತ್ತು ಸಿಮ್ ಸಹಿತ ಒಪ್ಪಿಸುವುದು ಕೂಡ ಇದೇ ಸಾಲಿಗೆ ಸೇರುತ್ತದೆ. ತಿಂಗಳಿಗೆ ಎಷ್ಟು ಕೊಡುತ್ತೇವೆಂದರೂ ಒಪ್ಪಬಾರದು.

ಎರಡನೆಯ ಹೆಜ್ಜೆ: ಕಂಪನಿಯನ್ನು ನಿಮ್ಮದೇ ದಾರಿಯಲ್ಲಿ ವಿಚಾರಿಸುವುದು

ಸಂದೇಶದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿದರೆ ಉತ್ತರಿಸುವವರು ವಂಚಕರೇ ಆಗಿರುತ್ತಾರೆ. ಆದ್ದರಿಂದ ಕಂಪನಿಯ ಅಧಿಕೃತ ಜಾಲತಾಣವನ್ನು ನೀವೇ ಹುಡುಕಿ, ಅಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಈ ಹುದ್ದೆ ನಿಜವಾಗಿಯೂ ಇದೆಯೇ ಎಂದು ಕೇಳಬೇಕು. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ನೋಂದಣಿಯ ವಿವರ ಸಿಗುತ್ತದೆ; ಪ್ರತಿ ಕಂಪನಿಗೂ 21 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ 15 ಅಕ್ಷರ ಮತ್ತು ಅಂಕಿಗಳ ಸಂಖ್ಯೆಯನ್ನು ಹಾಕಿ ನೋಂದಾಯಿತ ವಿಳಾಸವನ್ನೂ ನೋಡಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ: ಹೆಸರು ನೋಂದಣಿಯಾಗಿದೆ ಎಂದ ಮಾತ್ರಕ್ಕೆ ನಿಮಗೆ ಬಂದ ಪತ್ರ ಆ ಕಂಪನಿಯದೇ ಎಂದು ಸಾಬೀತಾಗುವುದಿಲ್ಲ. ವಂಚಕರು ನಿಜವಾದ ಕಂಪನಿಗಳ ಹೆಸರನ್ನೇ ಹೆಚ್ಚಾಗಿ ಬಳಸುತ್ತಾರೆ.

ಕಚೇರಿ ಪುಣೆಯಲ್ಲಿದೆ, ಕೊಲ್ಹಾಪುರದಲ್ಲಿದೆ, ಗೋವಾದಲ್ಲಿದೆ ಎಂದು ಪತ್ರದಲ್ಲಿದ್ದರೆ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಆ ಊರುಗಳಲ್ಲಿ ದುಡಿಯುತ್ತಿರುವ ಬಂಧುಗಳೋ ಪಕ್ಕದೂರಿನವರೋ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಅವರಲ್ಲೊಬ್ಬರನ್ನು ಆ ವಿಳಾಸಕ್ಕೆ ಒಮ್ಮೆ ಹೋಗಿಬರಲು ಕೇಳಿಕೊಳ್ಳುವುದು ಯಾವ ಜಾಲತಾಣಕ್ಕಿಂತಲೂ ಗಟ್ಟಿಯಾದ ಪರೀಕ್ಷೆ. ಉದ್ಯೋಗಕ್ಕಾಗಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು, ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಿಯೂ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಸರ್ಕಾರಿ ಹುದ್ದೆಗಳ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ: ಯಾವ ಇಲಾಖೆಯೂ ಅಭ್ಯರ್ಥಿಗೆ ಚೆಕ್ ಕಳುಹಿಸಿ ಅದರಿಂದ ಸಾಮಾನು ಖರೀದಿಸಲು ಹೇಳುವುದಿಲ್ಲ.

ಮೂರನೆಯ ಹೆಜ್ಜೆ: ಚೆಕ್ ಕೈಗೆ ಬಂದಾಗ ನೋಡಬೇಕಾದದ್ದು

ಮೊದಲು ಮೊತ್ತವನ್ನು ನೋಡಿ. ಮಾತಾದ ಪಗಾರಕ್ಕಿಂತ ಚೆಕ್ಕಿನ ಮೊತ್ತ ಹೆಚ್ಚಿದ್ದು, ಹೆಚ್ಚಾದದ್ದನ್ನು ಮರಳಿಸಿ ಅಥವಾ ಬೇರೆಯವರಿಗೆ ಕಳುಹಿಸಿ ಎಂಬ ಸೂಚನೆ ಜೊತೆಗಿದ್ದರೆ ಇನ್ನು ಯಾವ ಪರೀಕ್ಷೆಯೂ ಬೇಡ. ಹೆಚ್ಚು ಬರೆದದ್ದು ಪ್ರಾಮಾಣಿಕ ತಪ್ಪಾಗಿದ್ದರೆ ಆ ಚೆಕ್ಕನ್ನು ರದ್ದು ಮಾಡಿ ಸರಿಯಾದ ಮೊತ್ತಕ್ಕೆ ಇನ್ನೊಂದು ಬರೆದುಕೊಡಲು ಕಂಪನಿಗೆ ಯಾವ ಕಷ್ಟವೂ ಇರುವುದಿಲ್ಲ. ಹಾಗೆ ಮಾಡಿ ಎಂದು ನೀವು ಹೇಳಿದಾಗ ಎದುರಿನವರ ಮಾತಿನ ಧಾಟಿ ಹೇಗೆ ಬದಲಾಗುತ್ತದೆ ಎಂಬುದೇ ಬಹಳಷ್ಟನ್ನು ತಿಳಿಸುತ್ತದೆ.

ಚೆಕ್ಕಿನ ಕೆಳಭಾಗದ ಬಿಳಿಯ ಪಟ್ಟಿಯಲ್ಲಿ ಆರು ಅಂಕಿಗಳ ಚೆಕ್ ಸಂಖ್ಯೆಯ ನಂತರ ಒಂಬತ್ತು ಅಂಕಿಗಳ ಎಂಐಸಿಆರ್ ಸಂಕೇತ ಇರುತ್ತದೆ. ಅದರ ಮೊದಲ ಮೂರು ಅಂಕಿ ಊರನ್ನು, ನಡುವಿನ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಸೂಚಿಸುತ್ತವೆ. ಊರಿನ ಸಂಕೇತ ಸಾಮಾನ್ಯವಾಗಿ ಪಿನ್ ಕೋಡ್‌ನ ಮೊದಲ ಮೂರು ಅಂಕಿಗಳೊಂದಿಗೆ ಹೊಂದಿಕೆಯಾಗುತ್ತದೆ. ಬೆಳಗಾವಿಗೆ 590, ವಿಜಯಪುರಕ್ಕೆ 586, ಬಾಗಲಕೋಟೆಗೆ 587. ಚೆಕ್ಕಿನ ಮೇಲೆ ಬೆಂಗಳೂರಿನ ಶಾಖೆಯ ಹೆಸರಿದ್ದು ಕೆಳಗಿನ ಸಂಕೇತ ಬೇರೆ ಊರಿನದಾಗಿದ್ದರೆ ಪ್ರಶ್ನಿಸಲು ಕಾರಣವಿದೆ. ಸಿಟಿಎಸ್ 2010 (ಚೆಕ್ಕಿನ ಚಿತ್ರ ಕಳುಹಿಸಿ ಪಾಸು ಮಾಡುವ ವ್ಯವಸ್ಥೆಯ) ಮಾನದಂಡದ ಚೆಕ್ಕನ್ನು ಬೆಳಕಿಗೆ ಹಿಡಿದರೆ ಕಾಗದದೊಳಗೆ ನೀರುಗುರುತು ಕಾಣಬೇಕು. ಚೆಕ್ಕಿನ ಮೇಲಿರುವ ದಿನಾಂಕದಿಂದ ಮೂರು ತಿಂಗಳ ಒಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು, ಅದಕ್ಕಿಂತ ಹಳೆಯದಾದರೆ ನಡೆಯುವುದಿಲ್ಲ.

ಈ ಗುರುತುಗಳೆಲ್ಲ ಸರಿಯಿದ್ದರೂ ಚೆಕ್ ನಂಬಲರ್ಹ ಎಂದು ತೀರ್ಮಾನಿಸಬಾರದು. ಕದ್ದ ಅಸಲಿ ಹಾಳೆಯ ಮೇಲೆ ಖೊಟ್ಟಿ ಸಹಿ ಇರಬಹುದು, ಹಣವೇ ಇಲ್ಲದ ಖಾತೆಯ ಚೆಕ್ ಆಗಿರಬಹುದು, ಮುಚ್ಚಿಹೋದ ಖಾತೆಯದೂ ಆಗಿರಬಹುದು. ಕಣ್ಣಿಗೆ ಕಾಣುವ ಪರೀಕ್ಷೆಯಿಂದ ಕೆಟ್ಟ ಚೆಕ್ಕನ್ನು ಹಿಡಿಯಬಹುದೇ ಹೊರತು ಒಳ್ಳೆಯ ಚೆಕ್ ಎಂಬ ಖಾತ್ರಿ ಸಿಗುವುದಿಲ್ಲ. ಡಿಮ್ಯಾಂಡ್ ಡ್ರಾಫ್ಟ್‌ಗೂ ಇದೇ ಮಾತು ಅನ್ವಯಿಸುತ್ತದೆ. ಬ್ಯಾಂಕ್ ಕೊಡುವ ಡಿಡಿ ಬೌನ್ಸ್ ಆಗುವುದಿಲ್ಲವೆಂಬುದು ಅಸಲಿ ಡಿಡಿಯ ವಿಷಯ, ಮುದ್ರಿಸಿದ ನಕಲಿಗೆ ಆ ಭರವಸೆ ಇಲ್ಲ.

ನಾಲ್ಕನೆಯ ಹೆಜ್ಜೆ: ಬ್ಯಾಂಕಿನಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳುವುದು

ಚೆಕ್ಕಿನ ಬಗ್ಗೆ ಅನುಮಾನವಿದ್ದರೆ ಅದನ್ನು ಖಾತೆಗೆ ಹಾಕುವ ಮೊದಲೇ ಶಾಖೆಗೆ ಒಯ್ದು, ಯಾವ ಸಂದರ್ಭದಲ್ಲಿ ಬಂತೆಂಬುದನ್ನು ಅಧಿಕಾರಿಗೆ ತಿಳಿಸಿ ಸಲಹೆ ಪಡೆಯುವುದು ಉತ್ತಮ. ಹಾಕಿಯಾಗಿದ್ದರೆ ಕೌಂಟರ್‌ನಲ್ಲಿ "ಜಮೆ ಆಗಿದೆಯೇ?" ಎಂದಷ್ಟೇ ಕೇಳಿದರೆ ಸಿಗುವ ಉತ್ತರದಿಂದ ತಪ್ಪು ತಿಳಿವಳಿಕೆ ಹುಟ್ಟಬಹುದು. "ಈ ಚೆಕ್ ಅಂತಿಮವಾಗಿ ಪಾವತಿಯಾಗಿದೆಯೇ, ಇಲ್ಲವೇ ವಾಪಸ್ ಬರುವ ಸಾಧ್ಯತೆ ಇನ್ನೂ ಇದೆಯೇ?" ಎಂದು ಬಿಡಿಸಿ ಕೇಳಿ.

2025ರ ಅಕ್ಟೋಬರ್ 4ರಿಂದ ದೇಶದಲ್ಲಿ ಚೆಕ್‌ಗಳನ್ನು ಕಂತುಕಂತಾಗಿ ಕಳುಹಿಸುವ ಪದ್ಧತಿಯ ಬದಲು ನಿರಂತರ ಕ್ಲಿಯರಿಂಗ್ ವ್ಯವಸ್ಥೆ ಬಂದಿದೆ. ಅದರ ಮೊದಲ ಹಂತದ ನಿಯಮದಂತೆ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಚೆಕ್ಕಿನ ಚಿತ್ರಗಳು ನಿಮ್ಮ ಬ್ಯಾಂಕಿನಿಂದ ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುತ್ತಿರುತ್ತವೆ, ಆ ಬ್ಯಾಂಕ್ ಅದೇ ದಿನ ಸಂಜೆ 7ರೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ತಿಳಿಸಬೇಕು. ಈ ಬದಲಾವಣೆಯಿಂದ ಕೆಲಸ ಹುಡುಕುವವರಿಗೆ ಒಂದು ಒಳ್ಳೆಯ ಅಸ್ತ್ರ ಸಿಕ್ಕಿದೆ. ಬಹುಪಾಲು ಚೆಕ್‌ಗಳ ಹಣೆಬರಹ ಒಂದೆರಡು ದಿನಗಳಲ್ಲಿ ತಿಳಿಯುತ್ತಿರುವಾಗ, ಅಷ್ಟು ಕಾಯಲೂ ಒಪ್ಪದೆ ಗಂಟೆಗೊಮ್ಮೆ ಕರೆ ಮಾಡುವ ಕಂಪನಿಗೆ ಚೆಕ್ ಪಾಸಾಗುವುದಿಲ್ಲವೆಂದು ಮೊದಲೇ ಗೊತ್ತಿದೆ ಎಂದು ತಿಳಿಯಬೇಕು.

ನಮ್ಮ ಮೂರೂ ಜಿಲ್ಲೆಗಳಲ್ಲಿ ಸೌಹಾರ್ದ ಮತ್ತು ಪತ್ತಿನ ಸಹಕಾರಿ ಸಂಘಗಳಲ್ಲಿ ಖಾತೆ ಇಟ್ಟಿರುವವರು ಬಹಳ ಮಂದಿ. ಇಂಥ ಸಂಘಗಳಿಗೆ ಹಾಕಿದ ಚೆಕ್ ಸಾಮಾನ್ಯವಾಗಿ ಇನ್ನೊಂದು ಬ್ಯಾಂಕಿನ ಮೂಲಕ ಹೋಗಿಬರಬೇಕಾಗುವುದರಿಂದ ಹೆಚ್ಚು ದಿನ ಹಿಡಿಯಬಹುದು. ವಿದೇಶದ ಬ್ಯಾಂಕಿನ ಚೆಕ್ಕಾದರೆ ವಸೂಲಾತಿಗೆ ವಾರಗಳೇ ಬೇಕು, ಶುಲ್ಕವೂ ಹೆಚ್ಚು. ಡಾಲರ್ ಚೆಕ್ಕಿನಲ್ಲಿ ಪಗಾರ ಕಳುಹಿಸುತ್ತೇನೆಂದು ವಿಜಯಪುರದ ಹುಡುಗನಿಗೆ ಹೇಳುವ ಕಂಪನಿಯನ್ನು ಈ ಒಂದು ಕಾರಣಕ್ಕೇ ದೂರವಿಡಬಹುದು.

ಐದನೆಯ ಹೆಜ್ಜೆ: ಮುಂದಕ್ಕೆ ಹಣ ಕಳುಹಿಸದಿರುವುದು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡಲು ಸಾಧ್ಯವೆಂದಾದರೆ ಇದನ್ನು ನೆನಪಿಡಿ. ಉದ್ಯೋಗದಾತರು ಕೊಟ್ಟ ಚೆಕ್ಕಿನ ಮೊತ್ತದಲ್ಲಿ ಭಾಗವೊಂದನ್ನು ಯಾರಿಗೂ, ಯಾವ ಕಾರಣಕ್ಕೂ ಕಳುಹಿಸಬಾರದು. ಲ್ಯಾಪ್‌ಟಾಪ್ ಬೇಕಿದ್ದರೆ ಕಂಪನಿ ತಾನೇ ವ್ಯಾಪಾರಿಗೆ ಹಣ ಕೊಟ್ಟು ನಿಮ್ಮ ಮನೆಗೆ ಕಳುಹಿಸಬಹುದು. ಹಾಗೆ ಮಾಡದಿರುವುದಕ್ಕೆ ಅವರು ಹೇಳುವ ಕಾರಣಗಳು, ತೆರಿಗೆಯ ತೊಂದರೆ, ಲೆಕ್ಕಪರಿಶೋಧನೆ, ವ್ಯಾಪಾರಿಯ ನಿಯಮ, ಎಷ್ಟೇ ತಾಂತ್ರಿಕವಾಗಿ ಕೇಳಿಸಿದರೂ ಉತ್ತರ ಒಂದೇ ಇರಲಿ. ಯುಪಿಐ, ಐಎಂಪಿಎಸ್ ಮೂಲಕ ಹೋದ ಹಣ ಕ್ಷಣದಲ್ಲಿ ಮುಟ್ಟುತ್ತದೆ, ಅಲ್ಲಿಂದ ಹಲವು ಖಾತೆಗಳಿಗೆ ಹಂಚಿಹೋಗುತ್ತದೆ. ಚೆಕ್ ನಿಧಾನವಾಗಿ ಬರುತ್ತದೆ, ನೀವು ಕೊಟ್ಟದ್ದು ವೇಗವಾಗಿ ಹೋಗುತ್ತದೆ. ವಂಚನೆಯ ಲಾಭವೆಲ್ಲ ಈ ಎರಡು ವೇಗಗಳ ನಡುವಿನ ಅಂತರದಲ್ಲಿದೆ.

ನೆಫ್ಟ್ ಆಗಿದೆಯೆಂದು ತೋರಿಸುವ ಸ್ಕ್ರೀನ್‌ಶಾಟ್, ಚೆಕ್ಕಿನ ಫೋಟೋ, ಬ್ಯಾಂಕಿನ ಹೆಸರಿನಲ್ಲಿ ಬಂದ ಎಸ್ಸೆಮ್ಮೆಸ್, ಇವುಗಳಲ್ಲಿ ಯಾವುದೂ ಹಣವಲ್ಲ. ಹಣ ಅಂತಿಮವಾಗಿ ಪಾವತಿಯಾಗಿದೆಯೆಂದು ನಿಮ್ಮ ಬ್ಯಾಂಕಿನ ಆ್ಯಪ್ ಅಥವಾ ಶಾಖೆ ಹೇಳಿದ್ದು ಮಾತ್ರ ಪುರಾವೆ.

ಆರನೆಯ ಹೆಜ್ಜೆ: ನಿಮ್ಮ ಚೆಕ್ಕನ್ನೇ ಕೇಳಿದಾಗ

ಇದೇ ವಂಚನೆಯ ತಿರುವುಮುರುವಾದ ರೂಪ ನಮ್ಮ ದೇಶದಲ್ಲಿ ಸಾಕಷ್ಟು ನಡೆಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಮನೆಮಂದಿಯ ನೆಮ್ಮದಿಯನ್ನು ಹೆಚ್ಚು ಕಾಲ ಕೆಡಿಸುತ್ತದೆ. ಕೆಲಸಕ್ಕೆ ಸೇರುವಾಗ ಭದ್ರತೆಗಾಗಿ ಸಹಿ ಮಾಡಿದ ಖಾಲಿ ಚೆಕ್ ಕೊಡಿ ಎನ್ನುತ್ತಾರೆ. ಅಥವಾ ಡೇಟಾ ಎಂಟ್ರಿಯ ಕರಾರುಪತ್ರಕ್ಕೆ ಆನ್‌ಲೈನ್‌ನಲ್ಲಿ ಸಹಿ ಪಡೆದು, ಕೆಲವೇ ದಿನಗಳಲ್ಲಿ ಸಾವಿರಾರು ಪುಟಗಳನ್ನು ಬಹುತೇಕ ತಪ್ಪಿಲ್ಲದೆ ಮುಗಿಸಬೇಕೆಂಬ ಷರತ್ತು ಹಾಕಿ, ಅದು ಆಗದಿದ್ದಾಗ ದಂಡ ಕಟ್ಟಿ ಎಂದು ವಕೀಲರ ಹೆಸರಿನ ನೋಟಿಸ್ ಕಳುಹಿಸುತ್ತಾರೆ.

ಸಹಿ ಮಾಡಿದ ಖಾಲಿ ಚೆಕ್ ಸಣ್ಣ ವಿಷಯವಲ್ಲ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಚೆಕ್ ಖಾಲಿಯಾಗಿದ್ದು ನಂತರ ಬೇರೆಯವರು ಮೊತ್ತ ತುಂಬಿದ್ದರೂ, ಅದು ಸಾಲ ತೀರಿಸಲು ಕೊಟ್ಟದ್ದೆಂಬ ಕಾನೂನಿನ ಪೂರ್ವಭಾವನೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರ ಬೀರ್ ಸಿಂಗ್ ಮತ್ತು ಮುಕೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವರ ಮೇಲೆಯೇ ಬೀಳುತ್ತದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಂ ಪ್ರಕಾರ ಚೆಕ್ ಅಮಾನ್ಯವಾದರೆ ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದ್ದರಿಂದ ಕೆಲಸಕ್ಕಾಗಿ ಸಹಿ ಮಾಡಿದ ಖಾಲಿ ಚೆಕ್ ಕೊಡಲೇಬೇಡಿ. ಪಗಾರ ಜಮೆ ಮಾಡಲು ಖಾತೆಯ ವಿವರ ಬೇಕೆಂದರೆ ಸಹಿಯಿಲ್ಲದ ಚೆಕ್ಕಿನ ಮೇಲೆ ಎರಡು ಅಡ್ಡಗೆರೆ ಎಳೆದು ರದ್ದಾಗಿದೆ ಎಂದು ಬರೆದು ಕೊಟ್ಟರೆ ಸಾಕು. ಈಗಾಗಲೇ ಕೊಟ್ಟಿದ್ದರೆ ಆ ಚೆಕ್ ಸಂಖ್ಯೆಗೆ ಪಾವತಿ ತಡೆಯುವಂತೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಯಾಕೆ ಕೊಡಲಾಯಿತೆಂಬ ವಿವರದೊಂದಿಗೆ ಪೊಲೀಸರಿಗೂ ದೂರು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಬೆದರಿಕೆಯ ನೋಟಿಸ್ ಬಂದಾಗ ಅದು ಯಾವ ಬಗೆಯದೆಂದು ಗುರುತಿಸುವುದು ಮುಖ್ಯ. ಚೆಕ್ ಅಮಾನ್ಯವಾದ ನಿಜವಾದ ಪ್ರಕರಣದಲ್ಲಿ, ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳುಹಿಸಬೇಕು, ಅದು ಮುಟ್ಟಿದ ಮೇಲೆ ಹಣ ಕೊಡಲು 15 ದಿನಗಳ ಅವಕಾಶವಿರುತ್ತದೆ, ಆ ನಂತರವಷ್ಟೇ ನ್ಯಾಯಾಲಯಕ್ಕೆ ಹೋಗಬಹುದು. ಇಂಥ ನೋಟಿಸ್ ಅನ್ನು ಕಡೆಗಣಿಸದೆ ವಕೀಲರ ಮೂಲಕ ಉತ್ತರ ಕೊಡಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ ವಾಟ್ಸಾಪ್‌ನಲ್ಲಿ ಕೋರ್ಟಿನ ಮೊಹರಿನ ಚಿತ್ರದೊಂದಿಗೆ ಬಂದು, ಸಂಜೆಯೊಳಗೆ ಯುಪಿಐ ಮಾಡದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎನ್ನುವ ಕಾಗದ ಹೆದರಿಸುವುದಕ್ಕಾಗಿ ತಯಾರಿಸಿದ್ದು. ಟೈಪಿಂಗ್ ಕೆಲಸವನ್ನು ಅವಧಿಯೊಳಗೆ ಮುಗಿಸಲಿಲ್ಲವೆಂಬುದು ಹೆಚ್ಚೆಂದರೆ ಸಿವಿಲ್ ವ್ಯಾಜ್ಯ, ಬಂಧಿಸುವಂಥ ಅಪರಾಧವಲ್ಲ. ವಕೀಲರ ಶುಲ್ಕ ಭರಿಸಲು ಆಗದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, 15100 ಸಂಖ್ಯೆಗೆ ಕರೆ ಮಾಡಲೂಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ.

ಮಕ್ಕಳು ಅಮೆರಿಕದಲ್ಲಿ ಓದುತ್ತಿದ್ದರೆ

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಮುಂದಿನ ಪದವಿಗೆ ಅಮೆರಿಕಕ್ಕೆ ಹೋದ ಮಕ್ಕಳಿರುವ ಮನೆಗಳು ಈ ಭಾಗವನ್ನು ಓದಿ ಮಕ್ಕಳಿಗೂ ತಿಳಿಸಬೇಕು. ಅಲ್ಲಿ ವಿಶ್ವವಿದ್ಯಾಲಯದ ಇಮೇಲ್‌ಗೇ ಪ್ರಾಧ್ಯಾಪಕರ ಹೆಸರಿನಲ್ಲಿ ಸಂಶೋಧನಾ ಸಹಾಯಕರು ಬೇಕೆಂಬ ಪತ್ರ ಬರುತ್ತದೆ. ವಂಚಕರು ಚೆಕ್ಕಿನ ಎರಡೂ ಬದಿಯ ಚಿತ್ರವನ್ನು ತಾವೇ ಕಳುಹಿಸಿ, ಅದನ್ನು ಮೊಬೈಲ್‌ನಲ್ಲಿಯೇ ಖಾತೆಗೆ ಜಮೆ ಮಾಡಿ, ಬಂದ ಹಣದಲ್ಲಿ ಗಿಫ್ಟ್ ಕಾರ್ಡ್ ಖರೀದಿಸಿ ಎನ್ನುತ್ತಾರೆ. ಹಣ ಬಳಕೆಗೆ ಸಿಗುವುದರಿಂದ ವಿದ್ಯಾರ್ಥಿ ನಂಬುತ್ತಾನೆ, ಕೆಲವು ದಿನಗಳ ನಂತರ ಚೆಕ್ ನಕಲಿಯೆಂದು ತಿಳಿದು ಖಾತೆ ಋಣಕ್ಕಿಳಿಯುತ್ತದೆ, ಆ ಬಾಕಿ ತೀರಿಸಲು ಊರಿನಿಂದ ಹಣ ಹೋಗಬೇಕಾಗುತ್ತದೆ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವವರು ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಳವರೆಗೆ ಕೆಲಸ ಮಾಡಬಹುದು. ಕ್ಯಾಂಪಸ್ಸಿನ ಹೊರಗಿನ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ಹಾಗಾಗಿ ಯಾರೋ ಅಪರಿಚಿತರ ಮನೆಗೆಲಸದ ಅಥವಾ ಖಾಸಗಿ ಸಹಾಯಕರ ಕೆಲಸ ಒಪ್ಪಿಕೊಂಡರೆ ಹಣದ ಜೊತೆಗೆ ವೀಸಾದ ತೊಂದರೆಯೂ ಸೇರಿಕೊಳ್ಳುತ್ತದೆ. ಪತ್ರ ಬಂದ ಕೂಡಲೇ ಆ ಪ್ರಾಧ್ಯಾಪಕರನ್ನು ಖುದ್ದಾಗಿ ಕಂಡು ಕೇಳುವುದೇ ಸುಲಭವಾದ ದಾರಿ. ಮೋಸವಾಗಿದ್ದರೆ ಅಲ್ಲಿನ ಬ್ಯಾಂಕಿಗೆ, ವಿಶ್ವವಿದ್ಯಾಲಯದ ಪೊಲೀಸರಿಗೆ, ಗ್ರಾಹಕರ ದೂರು ಪಡೆಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ ಮತ್ತು ಗಿಫ್ಟ್ ಕಾರ್ಡ್ ಕೊಟ್ಟ ಕಂಪನಿಗೆ ತಿಳಿಸಬೇಕು.

ಮೋಸವಾದ ಮೇಲೆ ಮಾಡಬೇಕಾದದ್ದು

ಹಣ ಕಳುಹಿಸಿಯಾಗಿದೆ ಎಂದು ತಿಳಿದ ಗಳಿಗೆಯಲ್ಲಿ 1930 ಸಂಖ್ಯೆಗೆ ಕರೆ ಮಾಡಿ. ಇದು ಸೈಬರ್ ಆರ್ಥಿಕ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ದೂರು ದಾಖಲಾದ ಕೂಡಲೇ ಹಣ ಹೋದ ಖಾತೆಗಳ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ, ಇನ್ನೂ ತೆಗೆಯದಿರುವ ಹಣವನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಇಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಜಾಲತಾಣದಲ್ಲಿಯೂ ದೂರು ಕೊಡಬಹುದು. ಅದೇ ಹೊತ್ತಿಗೆ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಂತರ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಬೇಕು. ಆ ಠಾಣೆ ದೂರವಾದರೆ ಹತ್ತಿರದ ಠಾಣೆಯಲ್ಲಿಯೂ ದೂರು ಕೊಡುವ ಹಕ್ಕು ನಿಮಗಿದೆ, ವ್ಯಾಪ್ತಿ ತಮ್ಮದಲ್ಲವೆಂಬ ಕಾರಣಕ್ಕೆ ದಾಖಲಿಸಲು ನಿರಾಕರಿಸುವಂತಿಲ್ಲ.

ಚಾಟ್ ಅಳಿಸಬೇಡಿ. ನಾಚಿಕೆಯಿಂದಲೋ ಸಿಟ್ಟಿನಿಂದಲೋ ಸಂದೇಶಗಳನ್ನೆಲ್ಲ ಅಳಿಸಿ ನಂಬರ್ ಬ್ಲಾಕ್ ಮಾಡಿಬಿಟ್ಟರೆ ಸಾಕ್ಷ್ಯವೇ ಹೋದಂತಾಗುತ್ತದೆ. ಸಂದೇಶಗಳು, ನೇಮಕಾತಿ ಪತ್ರ, ಚೆಕ್ಕಿನ ಎರಡೂ ಬದಿಯ ಚಿತ್ರ, ಕೊರಿಯರ್ ಲಕೋಟೆ, ಬ್ಯಾಂಕಿನ ವಾಪಸಾತಿ ಪತ್ರ, ಹಣ ಕಳುಹಿಸಿದ ವಹಿವಾಟಿನ ಸಂಖ್ಯೆ, ಎಲ್ಲವನ್ನೂ ಒಂದೆಡೆ ಇಡಿ. ನಕಲಿ ಚೆಕ್ಕನ್ನು ಬ್ಯಾಂಕಿಗೆ ಹಾಕಿದ್ದು ನೀವೇ ಆಗಿರುವುದರಿಂದ, ಅದು ನಕಲಿಯೆಂದು ನಿಮಗೆ ಗೊತ್ತಿರಲಿಲ್ಲ ಎಂಬುದನ್ನು ತೋರಿಸಲು ಈ ದಾಖಲೆಗಳೇ ಆಧಾರ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಗನೋ ಮಗಳೋ ಇಂಥ ಮೋಸಕ್ಕೆ ಸಿಕ್ಕಿದ್ದನ್ನು ಹೇಳಿಕೊಂಡಾಗ ಬೈಯುವ ಕೆಲಸವನ್ನು ಮುಂದೂಡಿ, ಮೊದಲು ಜೊತೆಯಲ್ಲಿ ಕುಳಿತು 1930ಕ್ಕೆ ಕರೆ ಮಾಡಿಸಿ. ಬೈಗುಳದ ಭಯದಿಂದ ಎರಡು ದಿನ ಮುಚ್ಚಿಟ್ಟರೆ ತಡೆಹಿಡಿಯಬಹುದಾಗಿದ್ದ ಹಣವೂ ಕೈತಪ್ಪುತ್ತದೆ.

ದೂರು ಕೊಟ್ಟ ಕೆಲವು ದಿನಗಳಲ್ಲಿ, ಕಳೆದ ಹಣ ಮರಳಿಸುತ್ತೇವೆ, ಶುಲ್ಕ ಕಟ್ಟಿ ಎಂದು ವಕೀಲರ, ಪೊಲೀಸರ ಅಥವಾ ರಿಸರ್ವ್ ಬ್ಯಾಂಕ್ ಅಧಿಕಾರಿಗಳ ಹೆಸರಿನಲ್ಲಿ ಕರೆ ಬರಬಹುದು. ಒಮ್ಮೆ ಮೋಸಹೋದವರ ವಿವರ ವಂಚಕರ ಕೈಯಲ್ಲಿ ಇದ್ದೇ ಇರುತ್ತದೆ. ತಡೆಹಿಡಿದ ಹಣವನ್ನು ಬಿಡುಗಡೆ ಮಾಡಿಸಿಕೊಳ್ಳಲು ತನಿಖಾಧಿಕಾರಿಯ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಕ್ರಮವಿದೆ, ಅದಕ್ಕೆ ಫೋನ್‌ನಲ್ಲಿ ಯಾರಿಗೂ ಹಣ ಕೊಡಬೇಕಿಲ್ಲ.

ನಿಮ್ಮದೇ ಖಾತೆ ಸ್ಥಗಿತವಾಗಿದ್ದರೆ, ಯಾವ ಠಾಣೆಯ ಯಾವ ದೂರಿನ ಮೇಲೆ ಹಾಗೆ ಮಾಡಲಾಗಿದೆ ಎಂಬ ವಿವರವನ್ನು ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ, ಆ ಠಾಣೆಯ ತನಿಖಾಧಿಕಾರಿಗೆ ದಾಖಲೆಗಳ ಪ್ರತಿಗಳೊಂದಿಗೆ ಮನವಿ ಕಳುಹಿಸಿ. ಬ್ಯಾಂಕ್ 30 ದಿನಗಳಾದರೂ ನಿಮ್ಮ ಲಿಖಿತ ದೂರಿಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಅದರ ಬಗೆಗಿನ ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.